ಸಭೆಯ ಸಹಾಯನಿಧಿ: ಹೊಣೆ ಹೊರುವವರಿಗೆ ಕೆಲವು ಮಾತು

ನಮ್ಮ ಚರ್ಚಿನ ಸಭೆಯ ಸಹಾಯನಿಧಿಯ ಲೆಕ್ಕದ ಪುಸ್ತಕ 11 ವರ್ಷ ನನ್ನ ಬಳಿ ಇತ್ತು. ಈಗ ಕಿರಿಯರಿಗೆ ಒಪ್ಪಿಸುತ್ತಿದ್ದೇನೆ. ಜೊತೆಗೆ ಕೊಡಬೇಕಾದ ಮಾತುಗಳನ್ನು ಬರೆದಿಡುತ್ತೇನೆ. ಹೆಚ್ಚಿನವು ನಾನು ಎಡವಿ ಕಲಿತವು.

ಕಾಣಿಕೆ ಎತ್ತುವ ಮೊದಲು ಮನೆಗಳಿಗೆ ಹೋಗಿ. ಇಬ್ಬರು ಹೋಗಿ, ಅವರಲ್ಲಿ ಒಬ್ಬರಾದರೂ ಹೆಂಗಸಿರಲಿ. ‘ಏನು ಬೇಕು?’ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ‘ಈ ತಿಂಗಳು ಯಾವ ಖರ್ಚನ್ನು ಮುಂದಕ್ಕೆ ಹಾಕಿದಿರಿ?’ ಎಂದು ಕೇಳಿ. ಒಬ್ಬ ಅಜ್ಜಿಗೆ ನಾವು ಎರಡು ವರ್ಷ ಕಂಬಳಿ ಕೊಟ್ಟೆವು. ಈ ಪ್ರಶ್ನೆ ಕೇಳಿದ ದಿನ ತಿಳಿಯಿತು: ರಕ್ತದೊತ್ತಡದ ಗುಳಿಗೆ ಬೇಗ ಮುಗಿಯದಿರಲೆಂದು ಆಕೆ ದಿನ ಬಿಟ್ಟು ದಿನ ನುಂಗುತ್ತಿದ್ದರು. ಕಂಬಳಿಗಳು ಮಡಿಸಿದಂತೆಯೇ ಇದ್ದವು.

ಸಮಿತಿಯಲ್ಲಿ ಯಾರಿರಬೇಕು ಎಂಬುದಕ್ಕೆ ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ನೋಡಿ. ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದ ಹಂಚಿಕೆ ತಪ್ಪುತ್ತಿದೆ ಎಂಬ ದೂರು ಬಂದಾಗ ಏಳು ಮಂದಿಯನ್ನು ಆರಿಸಿದರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ದೂರು ತಂದವರ ಕಡೆಯವರಿಗೇ ಹೊಣೆ ಒಪ್ಪಿಸಿದರೆಂದು ನಾನು ಓದಿಕೊಳ್ಳುತ್ತೇನೆ. ನಿಮ್ಮಲ್ಲೂ ಹಿಂದಿನ ಬೆಂಚಿನವರಲ್ಲಿ ಇಬ್ಬರನ್ನಾದರೂ ಸಮಿತಿಗೆ ಕರೆಯಿರಿ.

ನೆರವು ಪಡೆದವರ ಪಟ್ಟಿಯನ್ನು ಒಮ್ಮೆ ಆರಾಧನೆಯ ನಂತರ ನಾನು ಗಟ್ಟಿಯಾಗಿ ಓದಿದೆ, ಪಾರದರ್ಶಕತೆ ಎಂದುಕೊಂಡು. ಅದರಲ್ಲಿದ್ದ ಒಬ್ಬ ತಾಯಿ ಮತ್ತೆ ಸಭೆಗೆ ಬರಲೇ ಇಲ್ಲ. ಅಂದಿನಿಂದ ಪುಸ್ತಕದಲ್ಲಿ ಹೆಸರಿನ ಜಾಗದಲ್ಲಿ ಸಂಖ್ಯೆ. ಯಾವ ಸಂಖ್ಯೆ ಯಾರದೆಂಬುದು ಸಭಾಪಾಲಕರಿಗೂ ಇನ್ನಿಬ್ಬರಿಗೂ ಮಾತ್ರ ಗೊತ್ತು. ಓದಬೇಕಾದದ್ದು ಮೊತ್ತ, ಹೆಸರಲ್ಲ. ಮೊತ್ತವನ್ನಂತೂ ತಪ್ಪದೆ ಓದಿ. ಹಣ ಎಣಿಸಲು ಇಬ್ಬರು, ಸಹಿಗೆ ಇಬ್ಬರು. ಅಪೊಸ್ತಲ ಪೌಲನೇ ಕಾಣಿಕೆಯ ಹಣವನ್ನು ಒಬ್ಬನೇ ಒಯ್ಯಲು ಒಪ್ಪಲಿಲ್ಲ. ನಾವು ಅವನಿಗಿಂತ ನಂಬಿಗಸ್ತರೇನಲ್ಲ. ಇನ್ನೊಂದು: ನೆರವಿಗೂ ಆರಾಧನೆಯ ಹಾಜರಿಗೂ ಗಂಟು ಹಾಕಬೇಡಿ. ನೆರೆಯವನು ಬೇರೆ ಧರ್ಮದವನಾದರೆ ಅವನ ಜ್ವರವೇನೂ ಬೇರೆಯಲ್ಲ.

ಈಗ ದೂರದ ದೇಶಗಳ ಆಸ್ಪತ್ರೆಗಳಿಗೆ ಕಳಿಸುವ ನೆರವಿನ ಮಾತು. ಮನೆಮನೆಯಲ್ಲಿ ಉಳಿದ ಔಷಧಿ ಕೂಡಿಸಿ ಪೆಟ್ಟಿಗೆ ಕಟ್ಟುವ ಉತ್ಸಾಹ ಎಲ್ಲ ಸಭೆಗಳಿಗೂ ಒಮ್ಮೆ ಬರುತ್ತದೆ. ನಮಗೂ ಬಂದಿತ್ತು. ಪೆಟ್ಟಿಗೆ ತಲುಪುವಷ್ಟರಲ್ಲಿ ಅರ್ಧಕ್ಕರ್ಧ ಔಷಧಿಯ ಅವಧಿ ಮುಗಿದಿತ್ತು. ಉಳಿದವುಗಳ ಚೀಟಿಯ ಭಾಷೆ ಅಲ್ಲಿನ ದಾದಿಯರಿಗೆ ಬಾರದು. ಅದನ್ನು ಸುಡಿಸುವ ಖರ್ಚೂ ಆ ಪುಟ್ಟ ಆಸ್ಪತ್ರೆಯ ತಲೆಗೇ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಔಷಧಿ ದಾನಕ್ಕೆ ಮಾರ್ಗಸೂಚಿ ಹೊರಡಿಸಿದೆ: ರೋಗಿಗಳ ಕೈಗೆ ಹೋಗಿ ಬಂದ ಔಷಧಿ ಕೂಡದು, ತಲುಪುವಾಗ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು. ಮೊದಲು ಪತ್ರ ಬರೆದು ಅವರ ಪಟ್ಟಿ ತರಿಸಿಕೊಳ್ಳಿ. ಆಗ ಸಾಮಾನ್ಯವಾಗಿ ಅವರು ಕೇಳುವುದು ಹಣ, ಅದೂ ದಾದಿಯ ಸಂಬಳದಂಥ ಫೋಟೋಗೆ ಸಿಗದ ಖರ್ಚಿಗೆ.

ಸೊಳ್ಳೆ ಪರದೆಗೆ ಕೊಡುವುದಾದರೆ ಇದು ತಿಳಿದಿರಲಿ: ಕೀಟನಾಶಕ ಲೇಪಿಸಿದ ಪರದೆ ಸುಮಾರು 3 ವರ್ಷ ಬಾಳುತ್ತದೆ. ಒಂದೇ ಕಂತಿನಲ್ಲಿ ದೊಡ್ಡ ಮೊತ್ತ ಕೊಟ್ಟು ಕೈತೊಳೆದುಕೊಂಡರೆ ನಾಲ್ಕನೆಯ ವರ್ಷ ಮಕ್ಕಳು ಹರಿದ ಪರದೆಯಡಿ ಮಲಗುತ್ತಾರೆ. ಚಿಕ್ಕ ಮೊತ್ತವಾದರೂ ವರ್ಷವರ್ಷವೂ ಕೊಡುವ ಮಾತು ಕೊಡಿ. ಆಸ್ಪತ್ರೆಯ ಕಟ್ಟಡಕ್ಕೆ ಹೆಸರಿನ ಫಲಕ ಹಾಕಿಸುವ ಆಸೆ ಹುಟ್ಟಿದರೆ ಸ್ವಲ್ಪ ತಡೆಯಿರಿ. ಚರ್ಚುಗಳ ಜಾಗತಿಕ ಮಂಡಳಿ 1968ರಲ್ಲಿ ವೈದ್ಯಕೀಯ ಆಯೋಗವೊಂದನ್ನು ರಚಿಸಿತು. ಚರ್ಚುಗಳ ಶ್ರಮವೆಲ್ಲ ಆಸ್ಪತ್ರೆಗಳಿಗೇ ಹೋಗುತ್ತಿದೆ, ರೋಗ ಬಾರದಂತೆ ತಡೆಯುವ ಕೆಲಸ ಊರಿನಲ್ಲೇ ನಡೆಯಬೇಕು ಎಂದು ಅದು ವಾದಿಸಿತು. ಪ್ರಾಥಮಿಕ ಆರೋಗ್ಯವನ್ನು ಎಲ್ಲರಿಗೂ ತಲುಪಿಸಬೇಕೆಂದ 1978ರ ಆಲ್ಮಾ ಆಟಾ ಅಂತರರಾಷ್ಟ್ರೀಯ ಸಮ್ಮೇಳನದ ಘೋಷಣೆಯ ಹಿಂದೆ ಆ ಚಿಂತನೆಯ ಪಾಲೂ ಇದೆ.

ಕೊನೆಗೆ ಲೆಕ್ಕದ ಒಂದು ಮಾತು. ನಿಧಿಯ ಐದರಲ್ಲಿ ಒಂದು ಪಾಲನ್ನು ಎಂದೂ ಖಾಲಿ ಮಾಡಬೇಡಿ. ಅದಕ್ಕೆ ಸಮಿತಿಯ ಸಭೆ ಸೇರಬೇಕಾಗಿಲ್ಲ, ಅರ್ಜಿಯೂ ಬೇಡ. ನಡುರಾತ್ರಿ ಯಾರದೋ ಮಗುವಿಗೆ ಉಸಿರು ಕಟ್ಟುತ್ತಿದೆ ಎಂದು ಫೋನ್ ಬಂದಾಗ ವಾಹನಕ್ಕೆ ಕೊಡುವ ಹಣ ಅದು.