ನಮ್ಮ ಸ್ಟೇಷನ್‌ನಲ್ಲಿ ರೈಲು ನಿಲ್ಲಬೇಕಾ? ಯಾರನ್ನು, ಹೇಗೆ, ಯಾವಾಗ ಕೇಳಬೇಕು

ಮೊದಲಿಗೆ ಒಂದು ಪ್ರಶ್ನೆ. ನಿಮ್ಮ ಸ್ಟೇಷನ್ ಯಾರದ್ದು? ‘ರೈಲ್ವೆಯದ್ದು’ ಅಂದರೆ ಸಾಲದು ಮಾರಾಯ್ರೆ, ಯಾವ ರೈಲ್ವೆಯದ್ದು ಅಂತ ಗೊತ್ತಿರಬೇಕು. ನಮ್ಮ ಕರಾವಳಿಯ ಅರ್ಧಕ್ಕರ್ಧ ಮನವಿಗಳು ದಾರಿ ತಪ್ಪುವುದು ಇಲ್ಲೇ.

ಮಂಗಳೂರು ಸೆಂಟ್ರಲ್, ಮಂಗಳೂರು ಜಂಕ್ಷನ್ ಎರಡೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದ್ದು, ಅದರ ದೊಡ್ಡ ಆಫೀಸು ಚೆನ್ನೈ. ಜಂಕ್ಷನ್‌ನಿಂದ ಉತ್ತರಕ್ಕೆ ಹೊರಟರೆ ತೋಕೂರಿನವರೆಗೂ ಅವರದ್ದೇ. ಅಲ್ಲಿಂದ ಮುಂದೆ ಸುರತ್ಕಲ್, ಮೂಲ್ಕಿ, ಉಡುಪಿ, ಬಾರ್ಕೂರು, ಕುಂದಾಪುರ, ಬೈಂದೂರು ಎಲ್ಲ ಕೊಂಕಣ ರೈಲ್ವೆ. ಅದು ನಿಗಮ, ಮುಖ್ಯ ಕಚೇರಿ ನವಿ ಮುಂಬೈಯ ಬೇಲಾಪುರದಲ್ಲಿ, ನಮ್ಮ ಭಾಗ ನೋಡಿಕೊಳ್ಳುವ ಆಫೀಸು ಕಾರವಾರದಲ್ಲಿ. ಪೂರ್ವಕ್ಕೆ ಪಡೀಲ್ ದಾಟಿದರೆ ಬಂಟ್ವಾಳ, ಕಬಕ ಪುತ್ತೂರು, ಸುಬ್ರಹ್ಮಣ್ಯ ರೋಡ್ ನೈರುತ್ಯ ರೈಲ್ವೆಯ ಮೈಸೂರು ವಿಭಾಗದ್ದು, ಅದರ ಮೇಲಿನವರು ಹುಬ್ಬಳ್ಳಿಯಲ್ಲಿ. ಒಂದೇ ಊರಿನ ಸುತ್ತ ಮೂರು ರೈಲ್ವೆ! ಇದನ್ನೆಲ್ಲ ಒಂದೇ ಕೈಗೆ ಕೊಡಿ ಅನ್ನುವ ಕೂಗು ಹಳೆಯದು, ನನ್ನ ಓಟೂ ಅದಕ್ಕೇ. ಆದರೆ ಅದು ಆಗುವವರೆಗೆ ಕಾಯುತ್ತಾ ಕೂತರೆ ಪ್ಲಾಟ್‌ಫಾರ್ಮಿನ ನಳ್ಳಿಯಲ್ಲೂ ನೀರು ಬರುವುದಿಲ್ಲ. ಹಾಗಾಗಿ ಇರುವ ವ್ಯವಸ್ಥೆಯಲ್ಲೇ ಕೆಲಸ ಮಾಡಿಸಿಕೊಳ್ಳುವುದು ಹೇಗೆ ಅಂತ ಬರೆಯುತ್ತಿದ್ದೇನೆ.

ಒಂದು ಮನವಿಗೆ ಒಂದೇ ಬೇಡಿಕೆ. ಇದು ಎಲ್ಲಕ್ಕಿಂತ ಮುಖ್ಯ. ಸಾಮಾನ್ಯವಾಗಿ ಏನಾಗುತ್ತದೆ? ಸಂಘದವರು ಸೇರುತ್ತಾರೆ, ಮುಂಬೈಗೆ ಹೊಸ ರೈಲು, ಬೆಂಗಳೂರಿಗೆ ಇನ್ನೊಂದು ರೈಲು, ಎಸ್ಕಲೇಟರ್, ಜೋಡಿಹಳಿ, ಕುಡಿಯುವ ನೀರು, ಎಲ್ಲ ಒಂದೇ ಹಾಳೆಯಲ್ಲಿ ಬರೆದು ಮಂತ್ರಿಗಳ ಕೈಗೆ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಹಾಳೆ ಆಫೀಸಿಗೆ ಹೋದಾಗ ಅದನ್ನು ಯಾವ ಶಾಖೆಗೆ ಕಳಿಸಬೇಕು ಅಂತಲೇ ಅಲ್ಲಿಯವರಿಗೆ ಗೊತ್ತಾಗುವುದಿಲ್ಲ. ನೀರು ಎಂಜಿನಿಯರಿಂಗ್‌ನವರದ್ದು, ನಿಲುಗಡೆ ಆಪರೇಟಿಂಗ್ ಮತ್ತು ಕಮರ್ಷಿಯಲ್‌ನವರದ್ದು, ಜೋಡಿಹಳಿ ರೈಲ್ವೆ ಮಂಡಳಿಯದ್ದು. ಕೊನೆಗೆ ‘ಪರಿಶೀಲಿಸಲಾಗುವುದು’ ಅಂತ ಒಂದು ಸಾಲಿನ ಉತ್ತರ ಬರುತ್ತದೆ, ಅಷ್ಟೇ. ಅಂದ ಹಾಗೆ, ಪ್ಲಾಟ್‌ಫಾರ್ಮಿಗೆ ಶೀಟೇ ಇಲ್ಲದ ಸ್ಟೇಷನ್‌ಗೆ ಎಸ್ಕಲೇಟರ್ ಕೇಳುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

ಸಣ್ಣ ತೊಂದರೆಗಳಿಗೆ ಮನವಿಯೇ ಬೇಡ. ಟಾಯ್ಲೆಟ್ ಗಲೀಜು, ಫ್ಯಾನ್ ತಿರುಗುವುದಿಲ್ಲ, ನೀರಿಲ್ಲ ಅಂದರೆ 139ಕ್ಕೆ ಫೋನ್ ಮಾಡಿ, ಇಲ್ಲವೇ ರೈಲ್ವೆಯ ದೂರು ಆ್ಯಪ್ ರೈಲ್ ಮದದ್‌ನಲ್ಲಿ ಫೋಟೋ ಸಮೇತ ಹಾಕಿ. ಜನರಲ್ ಟಿಕೆಟ್ ಆದರೆ ಅದರ ನಂಬರು ಇಟ್ಟುಕೊಂಡಿರಿ, ಕೇಳುತ್ತಾರೆ. ಆದರೆ ನಿಲುಗಡೆ ಬೇಕು, ಸಮಯ ಬದಲಿಸಿ ಅಂತ ಅಲ್ಲಿ ಬರೆದರೆ ಸುಮ್ನೆ ದೂರು ಮುಚ್ಚಿಬಿಡುತ್ತಾರೆ.

ಪ್ಲಾಟ್‌ಫಾರ್ಮಿನ ವಿಷಯ ಬೇರೆ. ಸಣ್ಣ ಸ್ಟೇಷನ್‌ಗಳಲ್ಲಿ ಜೂನ್ ತಿಂಗಳ ಮಳೆಗೆ ನಿಂತು ನೋಡಿ. ಶೀಟು ಇರುವುದು ನಡುವಿನಲ್ಲಿ, ಜನರಲ್ ಡಬ್ಬಿ ನಿಲ್ಲುವುದು ತುದಿಯಲ್ಲಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ, ಕಂಕುಳಲ್ಲಿ ಮಗು ಇಟ್ಟುಕೊಂಡವರು ಆ ತುದಿಗೆ ಓಡಬೇಕು. ಇದನ್ನು ದೂರಿನಲ್ಲಿ ‘ಶೀಟು ಸಾಲದು’ ಅಂತ ಬರೆದರೆ ಯಾರಿಗೂ ನಾಟುವುದಿಲ್ಲ. ಕರೆಂಟು ಲೈನಿನ ಕಂಬಗಳನ್ನು ನೋಡಿದ್ದೀರಲ್ವಾ, ಒಂದೊಂದಕ್ಕೂ ಸಣ್ಣ ಫಲಕದಲ್ಲಿ ನಂಬರು ಇರುತ್ತದೆ. ಮೇಲೆ ಕಿಲೋಮೀಟರು, ಕೆಳಗೆ ಕಂಬದ ಸಂಖ್ಯೆ. ಕೊಂಕಣ ಮಾರ್ಗ ಪೂರ್ತಿ ವಿದ್ಯುದೀಕರಣ ಆಗಿದ್ದು 2022ರಲ್ಲಿ, ಹಾಗಾಗಿ ಈಗ ನಮ್ಮ ಕಡೆ ಎಲ್ಲ ಸ್ಟೇಷನ್‌ನಲ್ಲೂ ಈ ಕಂಬಗಳಿವೆ. ‘ಈ ಕಂಬದಿಂದ ಆ ಕಂಬದವರೆಗೆ ಶೀಟಿಲ್ಲ, ಇಂಥ ರೈಲಿನ ಎರಡು ಜನರಲ್ ಡಬ್ಬಿ ಇಲ್ಲೇ ನಿಲ್ಲುತ್ತವೆ’ ಅಂತ ಫೋಟೋ ಹಾಕಿ ಬರೆಯಿರಿ. ಎಂಜಿನಿಯರಿಗೆ ಜಾಗ ಹುಡುಕುವ ಕೆಲಸವೇ ಉಳಿಯುವುದಿಲ್ಲ. ಇದರ ಒಂದು ಪ್ರತಿಯನ್ನು ಸ್ಟೇಷನ್ ಮಾಸ್ಟರ್ ಹತ್ತಿರ ಇರುವ ದೂರು ಪುಸ್ತಕದಲ್ಲೂ ಬರೆದು ನಂಬರು ತೆಗೆದುಕೊಳ್ಳಿ.

ಈಗ ನಿಲುಗಡೆ. ಜಾಸ್ತಿ ಜನ ಕೇಳುವುದು ಇದನ್ನೇ, ಜಾಸ್ತಿ ತಿರಸ್ಕಾರ ಆಗುವುದೂ ಇದೇ. ‘ಕಾರ್ಯಾಚರಣೆ ದೃಷ್ಟಿಯಿಂದ ಸಾಧ್ಯವಿಲ್ಲ’ ಅನ್ನುವ ಉತ್ತರ ನೀವೂ ಓದಿರಬಹುದು. ಅದು ಪೂರ್ತಿ ನೆಪವೇನಲ್ಲ. ನಮ್ಮ ಕೊಂಕಣ ಮಾರ್ಗ ಬಹುಪಾಲು ಒಂಟಿಹಳಿ. ಜೋಡಿ ಆಗಿರುವುದು ಆ ತುದಿಯಲ್ಲಿ, ಮಹಾರಾಷ್ಟ್ರದ ರೋಹಾದಿಂದ ವೀರ್‌ವರೆಗೆ, ಅದೂ 2021ರಲ್ಲಿ. ಒಂಟಿಹಳಿಯಲ್ಲಿ ಒಂದು ರೈಲು ಎರಡು ನಿಮಿಷ ನಿಂತರೆ ಬ್ರೇಕ್ ಹಾಕಿ ಮತ್ತೆ ವೇಗ ಹಿಡಿಯುವ ಹೊತ್ತೂ ಸೇರುತ್ತದೆ, ಎದುರಿನಿಂದ ಬರುವ ರೈಲು ಇನ್ನೊಂದು ಸ್ಟೇಷನ್‌ನಲ್ಲಿ ಕಾಯುತ್ತದೆ.

ಆದರೆ ನಮ್ಮ ದಾರಿಯೂ ಇಲ್ಲೇ ಇದೆ. ಕ್ರಾಸಿಂಗ್‌ಗಾಗಿ, ಅಂದರೆ ಎದುರಿನ ರೈಲಿಗೆ ದಾರಿ ಬಿಡಲು, ಎಷ್ಟೋ ರೈಲುಗಳು ಸಣ್ಣ ಸ್ಟೇಷನ್‌ಗಳಲ್ಲಿ ಹೇಗೂ ನಿಲ್ಲುತ್ತವೆ. ಬಾಗಿಲ ಹತ್ತಿರ ನಿಂತವರು ‘ಇಲ್ಲೇ ಇಳಿದುಬಿಡಲಾ’ ಅಂತ ನೋಡುತ್ತಿರುತ್ತಾರೆ, ಪಟ್ಟಿಯಲ್ಲಿ ಮಾತ್ರ ನಿಲುಗಡೆ ಇರುವುದಿಲ್ಲ. ಇದಕ್ಕೆ ತಾಂತ್ರಿಕ ನಿಲುಗಡೆ ಅನ್ನುತ್ತಾರೆ. ನೀವು ಮಾಡಬೇಕಾದ್ದು ಇಷ್ಟು. ಯಾವ ರೈಲು ಎಲ್ಲಿದೆ ಅಂತ ತೋರಿಸುವ ರೈಲ್ವೆಯದ್ದೇ ಎನ್‌ಟಿಇಎಸ್ ಆ್ಯಪ್‌ನಲ್ಲಿ ಕೆಲವು ವಾರ ದಿನವೂ ನೋಡಿ, ಯಾವ ರೈಲು ನಿಮ್ಮ ಸ್ಟೇಷನ್‌ಗೆ ಎಷ್ಟು ಹೊತ್ತಿಗೆ ಬಂತು, ಎಷ್ಟಕ್ಕೆ ಹೊರಟಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಹೆಚ್ಚಿನ ದಿನ ನಿಲ್ಲುವ ರೈಲು ಸಿಕ್ಕರೆ ಅದನ್ನೇ ಹಿಡಿಯಿರಿ. ‘ಹೊಸದಾಗಿ ನಿಲ್ಲಿಸಿ’ ಅನ್ನುವುದಕ್ಕೂ ‘ನಿಲ್ಲುತ್ತಿರುವುದನ್ನು ಪ್ರಯಾಣಿಕರ (ವಾಣಿಜ್ಯ) ನಿಲುಗಡೆ ಮಾಡಿ’ ಅನ್ನುವುದಕ್ಕೂ ಅಜಗಜಾಂತರ. ಒಂದು ಎಚ್ಚರ: ಕೊಂಕಣದಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲದ ವೇಳಾಪಟ್ಟಿ ಬೇರೆ ಇರುತ್ತದೆ, ವೇಗ ಕಡಿಮೆ ಮಾಡುತ್ತಾರೆ, ಆಗ ಕ್ರಾಸಿಂಗ್ ಜಾಗಗಳೇ ಬದಲಾಗುತ್ತವೆ. ಎರಡೂ ಕಾಲದ ಲೆಕ್ಕ ಬೇರೆ ಬೇರೆ ಇಡಿ.

ಮನವಿ ಹೀಗೆ ಇರಲಿ: “ಇಂಥ ನಂಬರಿನ ರೈಲು ನಮ್ಮ ಸ್ಟೇಷನ್‌ನಲ್ಲಿ ಕ್ರಾಸಿಂಗ್‌ಗಾಗಿ ನಿಲ್ಲುತ್ತಿದೆ. ದಿನಾಂಕವಾರು ವಿವರ ಲಗತ್ತಿಸಿದೆ. ಇದನ್ನು 6 ತಿಂಗಳು ಪ್ರಾಯೋಗಿಕವಾಗಿ ವಾಣಿಜ್ಯ ನಿಲುಗಡೆ ಮಾಡಬೇಕಾಗಿ ಕೋರಿಕೆ. ಈ ಸ್ಟೇಷನ್ ಬಳಸುವ ಕಾಲೇಜು, ಆಸ್ಪತ್ರೆ, ಕಾರ್ಖಾನೆಗಳ ಪತ್ರಗಳು ಜೊತೆಗಿವೆ.” ಇಷ್ಟೇ ಸಾಕು. ಪೀಠಿಕೆ ಬೇಡ, ‘ಬುದ್ಧಿವಂತರ ಜಿಲ್ಲೆ’ ಅನ್ನುವ ಹೊಗಳಿಕೆಯೂ ಬೇಡ. ಕನ್ನಡದಲ್ಲೇ ಬರೆಯಿರಿ, ಪಾಲಕ್ಕಾಡಿಗೆ, ಬೇಲಾಪುರಕ್ಕೆ ಕಳಿಸುವಾಗ ಇಂಗ್ಲಿಷ್ ಪ್ರತಿಯನ್ನೂ ಲಗತ್ತಿಸಿ. ಅಲ್ಲಿಯ ಗುಮಾಸ್ತರು ಕನ್ನಡ ಓದುವವರನ್ನು ಹುಡುಕಿಕೊಂಡು ಹೋಗುವುದಿಲ್ಲ.

ಅಂಕಿಅಂಶ ಬೇಕಾದರೆ ಆರ್‌ಟಿಐ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು, ಆನ್‌ಲೈನ್‌ನಲ್ಲೇ ಆಗುತ್ತದೆ. ಆದರೆ ‘ಯಾಕೆ ನಿಲ್ಲಿಸುತ್ತಿಲ್ಲ’ ಅಂತ ಕೇಳಬೇಡಿ. ಆರ್‌ಟಿಐಯಲ್ಲಿ ಸಿಗುವುದು ಇರುವ ದಾಖಲೆ ಮಾತ್ರ. ‘ಕಳೆದ 12 ತಿಂಗಳಲ್ಲಿ ಈ ಸ್ಟೇಷನ್‌ನಿಂದ ಹೊರಟ ಮತ್ತು ಇಲ್ಲಿಗೆ ಬಂದ ಟಿಕೆಟ್ ಎಷ್ಟು, ರೈಲುವಾರು, ತಿಂಗಳುವಾರು ಕೊಡಿ’ ಅಂತ ಕೇಳಿ. ಬಂದ ಕಾಗದವನ್ನು ಮುಂದಿನ ಮನವಿಗೆ ಲಗತ್ತಿಸಿದರೆ ಅವರದ್ದೇ ಲೆಕ್ಕ ಅವರ ಮುಂದೆ ಇಟ್ಟ ಹಾಗೆ.

ಟಿಕೆಟ್ ಲೆಕ್ಕದಲ್ಲಿ ನಮ್ಮವರದ್ದೇ ಒಂದು ದೊಡ್ಡ ತೂತು ಇದೆ. ಉಡುಪಿಯಲ್ಲಿ ಹತ್ತುವವರು ಸೀಟು ಸಿಗಲಿ ಅಂತ ಮಂಗಳೂರಿನಿಂದ ಬುಕ್ ಮಾಡಿ ಹತ್ತುವ ಜಾಗ ಮಾತ್ರ ಬದಲಿಸುತ್ತಾರೆ. ಆ ಟಿಕೆಟ್ ಮಂಗಳೂರಿನ ಲೆಕ್ಕಕ್ಕೆ ಹೋಗುತ್ತದೆ. ಇನ್ನು ‘ಎರಡು ಸ್ಟೇಷನ್‌ಗೆ ಎಂತ ಟಿಕೆಟ್’ ಅಂತ ಹಾಗೇ ಹತ್ತುವವರು ಯಾವ ಲೆಕ್ಕಕ್ಕೂ ಇಲ್ಲ. ಪ್ರಾಯೋಗಿಕ ನಿಲುಗಡೆ ಸಿಕ್ಕಿದ ಮೇಲೆ ರೈಲ್ವೆ ನೋಡುವುದು ಈ ಸಂಖ್ಯೆಯನ್ನೇ, ಸನ್ಮಾನದ ಹಾರವನ್ನಲ್ಲ.

ಹೊಸ ರೈಲು ಕೇಳುವುದಾದರೆ ಇನ್ನೊಂದು ಲೆಕ್ಕ ಬೇಕು. ಹೊಸ ರೈಲಿಗೆ ರೇಕ್ (ಜೋಡಿಸಿದ ಡಬ್ಬಿಗಳ ಸಾಲು) ಬೇಕು, ತೊಳೆದು ಪರೀಕ್ಷಿಸಲು ಪಿಟ್ ಲೈನ್ ಬೇಕು, ನಿಲ್ಲಿಸಲು ಪ್ಲಾಟ್‌ಫಾರ್ಮ್ ಬೇಕು. ಬೆಂಗಳೂರಿಗಾದರೆ ಘಾಟಿಯೂ ಇದೆ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗೆ ಸುಮಾರು 55 ಕಿ.ಮೀ., 50 ಮೀಟರ್ ಹೋದರೆ 1 ಮೀಟರ್ ಏರು, 57 ಸುರಂಗ, ಒಂಟಿಹಳಿ. 2024ರ ಜುಲೈಯಲ್ಲಿ ಇದೇ ಘಾಟಿಯ ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ನಿಂತದ್ದು ನೆನಪಿರಬಹುದು. ಅಲ್ಲಿ ಇನ್ನೊಂದು ರೈಲು ತೂರಿಸುವುದು ಸುಲಭವಲ್ಲ. ಅದಕ್ಕಿಂತ ಇರುವ ರೈಲನ್ನು ಮುಂದಕ್ಕೆ ಎಳೆಯುವುದು ಲೇಸು. ಮಂಗಳೂರು ಸೆಂಟ್ರಲ್–ಕಬಕ ಪುತ್ತೂರು ಪ್ಯಾಸೆಂಜರ್ 2025ರ ಏಪ್ರಿಲ್‌ನಲ್ಲಿ ಸುಬ್ರಹ್ಮಣ್ಯ ರೋಡ್‌ವರೆಗೆ ಹೋಗಲು ಶುರುವಾದದ್ದು ಹೀಗೇ. ವೇಳಾಪಟ್ಟಿ ಹಿಡಿದು ಯಾವ ರೇಕ್ ಮಂಗಳೂರಿನಲ್ಲಿ ಬಂದು ಗಂಟೆಗಟ್ಟಲೆ ಸುಮ್ಮನೆ ನಿಲ್ಲುತ್ತದೆ ಅಂತ ಹುಡುಕಿ, ಅದನ್ನು ಬಳಸಿ ಅಂತ ಹೆಸರು ಹಿಡಿದು ಕೇಳಿ.

ಗೇಟಿನ ಜಾಗಕ್ಕೆ ಮೇಲ್ಸೇತುವೆ, ಕೆಳಸೇತುವೆ ಬೇಕಾದರೂ ಸೂತ್ರ ಇದೆ. ದಿನದ ರೈಲುಗಳ ಸಂಖ್ಯೆಯನ್ನು ದಿನದ ವಾಹನಗಳ ಸಂಖ್ಯೆಯಿಂದ ಗುಣಿಸಿದಾಗ 1 ಲಕ್ಷ ಮುಟ್ಟಿದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. 40 ರೈಲು, 2,500 ವಾಹನ ಅಂದರೆ ಸರಿಯಾಗಿ ಲಕ್ಷ. ಆಟೋ ಅರ್ಧ ಲೆಕ್ಕ. ಖರ್ಚನ್ನು ರೈಲ್ವೆ ಮತ್ತು ರಾಜ್ಯ ಹಂಚಿಕೊಳ್ಳುವ ಕಾಮಗಾರಿಯಾದರೆ ಎರಡೂ ಕಡೆ ಬೆನ್ನು ಹತ್ತಬೇಕು. ಮಂಜೂರಾದ ಮಾತ್ರಕ್ಕೆ ಆಯಿತು ಅಂದುಕೊಳ್ಳಬೇಡಿ, ಉಡುಪಿ ಸ್ಟೇಷನ್ ಇರುವ ಇಂದ್ರಾಳಿಯ ಸೇತುವೆಗೆ ಕಾದ ಉಡುಪಿಯವರನ್ನು ಕೇಳಿದರೆ ಹೇಳುತ್ತಾರೆ. ಪ್ರತಿ ಬಜೆಟ್ ಆದ ಮೇಲೆ ಕಾಮಗಾರಿವಾರು ಹಣದ ಲೆಕ್ಕ ಇರುವ ರೈಲ್ವೆಯ ಪಿಂಕ್ ಬುಕ್‌ನಲ್ಲಿ ನಿಮ್ಮ ಕಾಮಗಾರಿಯ ಮುಂದೆ ಎಷ್ಟು ಹಣ ಇಟ್ಟಿದ್ದಾರೆ ನೋಡಿ. ಬರೀ ಸಾವಿರ ರೂಪಾಯಿ ಕಂಡರೆ ಅದು ಪಟ್ಟಿಯಲ್ಲಿ ಹೆಸರು ಉಳಿಸಲಿಕ್ಕೆ ಅಷ್ಟೇ, ಆ ವರ್ಷ ಕೆಲಸ ನಡೆಯುವುದಿಲ್ಲ.

ಕೊಂಕಣ ರೈಲ್ವೆಯ ಸ್ಟೇಷನ್ ಆದರೆ ರಾಜ್ಯ ಸರ್ಕಾರವನ್ನೂ ಬಿಡಬೇಡಿ. ನಿಗಮ ಶುರುವಾಗುವಾಗಲೇ ಕರ್ನಾಟಕ ಶೇ. 15ರ ಪಾಲುದಾರ. ಮಹಾರಾಷ್ಟ್ರ ತನ್ನ ಕಡೆಯ ಕೊಂಕಣ ಸ್ಟೇಷನ್‌ಗಳ ಹೊರಾಂಗಣವನ್ನು ತನ್ನ ಲೋಕೋಪಯೋಗಿ ಇಲಾಖೆಯಿಂದಲೇ ಚಂದ ಮಾಡಿಸಿತು. ನಮ್ಮ ಬೆಂಗಳೂರಿನವರನ್ನು ಇದೇ ಮಾತು ಹೇಳಿ ಕೇಳಬಹುದಲ್ವಾ? ಸ್ಟೇಷನ್‌ಗೆ ಬಸ್ ಬೇಕಾದರೆ ಮಾತ್ರ ರೈಲ್ವೆಗೆ ಬರೆದು ಪ್ರಯೋಜನವಿಲ್ಲ. ನಮ್ಮಲ್ಲಿ ಖಾಸಗಿ ಬಸ್ಸುಗಳ ಪರ್ಮಿಟ್ ಮತ್ತು ಟೈಮಿಂಗ್ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ್ದು, ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ರಾತ್ರಿ ಇಂದ್ರಾಳಿಯಲ್ಲಿ ಇಳಿದು ರಿಕ್ಷಾದವರ ಹತ್ತಿರ ಚೌಕಾಸಿ ಮಾಡುವವರ ಗೋಳು ತಲುಪಬೇಕಾದ್ದು ಅಲ್ಲಿಗೆ.

ಸಂಸದರ ಬಳಿ ಹೋಗುವಾಗಲೂ ಸರಿಯಾದ ಸಂಸದರು ಯಾರು ಅಂತ ನೋಡಿ. ಬೈಂದೂರು ಉಡುಪಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಶಿವಮೊಗ್ಗ ಕ್ಷೇತ್ರ. ಅಲ್ಲಿನ ಸ್ಟೇಷನ್ ಬಗ್ಗೆ ಉಡುಪಿ ಸಂಸದರಿಗೆ ಮಾತ್ರ ಕೊಟ್ಟರೆ ಸಾಲದು. ಬರೀ ಶಿಫಾರಸು ಪತ್ರ ಕೇಳುವ ಬದಲು ಸಂಸತ್ತಿನಲ್ಲಿ ಲಿಖಿತ ಪ್ರಶ್ನೆ ಹಾಕಿಸಿ, ಸಚಿವರ ಉತ್ತರ ದಾಖಲೆಯಾಗಿ ಉಳಿಯುತ್ತದೆ. ಜೊತೆಗೆ ವಿಭಾಗ ಮಟ್ಟದಲ್ಲಿ, ಕೊಂಕಣ ರೈಲ್ವೆಯಲ್ಲೂ, ಬಳಕೆದಾರರ ಸಲಹಾ ಸಮಿತಿಗಳಿವೆ. ಅದರ ಸದಸ್ಯರೊಬ್ಬರನ್ನು ಹಿಡಿದು ಸಭೆಗೆ ಮೊದಲೇ ನಿಮ್ಮ ವಿಷಯವನ್ನು ಅಜೆಂಡಾಕ್ಕೆ ಸೇರಿಸಿ. ಸಭೆಯ ದಿನ ಎದ್ದು ನಿಂತು ಹೇಳಿದ ಮಾತು ಗಾಳಿಗೆ ಹೋಗುತ್ತದೆ, ಅಜೆಂಡಾದಲ್ಲಿ ಇದ್ದದ್ದಕ್ಕೆ ಬರಹದಲ್ಲಿ ಉತ್ತರ ಕೊಡಬೇಕಾಗುತ್ತದೆ.

ಇನ್ನು ಯಾವಾಗ ಕೇಳಬೇಕು? ಮೊದಲು ಜುಲೈ 1ಕ್ಕೆ ಬರುತ್ತಿದ್ದ ರೈಲ್ವೆಯ ಹೊಸ ವೇಳಾಪಟ್ಟಿ 2025ರಲ್ಲಿ ಜನವರಿ 1ರಿಂದ ಜಾರಿಗೆ ಬಂತು. ಪಟ್ಟಿ ಅಚ್ಚಾದ ಮೇಲೆ ಪ್ರತಿಭಟನೆ ಮಾಡಿದರೆ ಪೇಪರಿನಲ್ಲಿ ಸುದ್ದಿ ಬರುತ್ತದೆ, ರೈಲಿನ ಸಮಯ ಬದಲಾಗುವುದಿಲ್ಲ. ವಲಯಗಳು ಸೇರಿ ಸಮಯ ಹೊಂದಿಸುವ ಸಭೆಗಳು ತಿಂಗಳುಗಳ ಮೊದಲೇ ಮುಗಿದಿರುತ್ತವೆ. ಹಾಗಾಗಿ ಬೇಸಿಗೆಯಲ್ಲೇ ಮನವಿ ಕಳಿಸಿ, ಸ್ಪೀಡ್ ಪೋಸ್ಟ್ ಅಥವಾ ಸ್ವೀಕೃತಿ ಸೀಲಿನ ಜೊತೆ. ಎರಡು ತಿಂಗಳಿಗೂ ಉತ್ತರ ಬಾರದಿದ್ದರೆ ಅದೇ ಪತ್ರದ ದಿನಾಂಕ ಹಾಕಿ ನೆನಪೋಲೆ ಬರೆಯಿರಿ, ಹೊಸ ಬೇಡಿಕೆ ಸೇರಿಸಬೇಡಿ. ಉತ್ತರ ಬಂದರೆ ಅದರ ಮೇಲಿನ ಕಡತದ ನಂಬರನ್ನು ಮುಂದಿನ ಎಲ್ಲ ಪತ್ರಗಳ ಮೊದಲ ಸಾಲಿನಲ್ಲೇ ಹಾಕಿ, ವಿಭಾಗದ ಮುಖ್ಯಸ್ಥರಾದ ಡಿಆರ್‌ಎಂ ಬದಲಾದರೂ ಕಡತ ಬದಲಾಗುವುದಿಲ್ಲ.