ವಿಯೆಟ್ನಾಂ ಇ-ವೀಸಾ: ಅರ್ಜಿ ತುಂಬುವಾಗ ನಾನು ಪಾಲಿಸುವ ಕ್ರಮ

ವಿಯೆಟ್ನಾಂಗೆ ಪ್ರವಾಸ ಹೋಗುವ ಭಾರತೀಯರು ವೀಸಾಕ್ಕಾಗಿ ರಾಯಭಾರ ಕಚೇರಿಗೆ ಅಲೆಯಬೇಕಿಲ್ಲ, ಮನೆಯಲ್ಲೇ ಕೂತು ಇ-ವೀಸಾ ಪಡೆಯಬಹುದು. 2023ರ ಆಗಸ್ಟ್ 15ರಿಂದ ಅದರ ಗರಿಷ್ಠ ಅವಧಿ 30ರಿಂದ 90 ದಿನಕ್ಕೆ ಏರಿದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲದ್ದಕ್ಕೆ 50 ಡಾಲರ್. ಅರ್ಜಿ ತಿರಸ್ಕೃತವಾದರೂ ಈ ಹಣ ವಾಪಸ್ ಬರುವುದಿಲ್ಲ. ಮನೆಯವರಿಗೆ, ನೆಂಟರಿಷ್ಟರಿಗೆ ಅರ್ಜಿ ತುಂಬಿಕೊಡುವಾಗ ನಾನು ಇಟ್ಟುಕೊಂಡಿರುವ ನಿಯಮ ಒಂದೇ: ಪಾಸ್‌ಪೋರ್ಟ್ ಎದುರಿಗಿಲ್ಲದೆ ಒಂದಕ್ಷರವನ್ನೂ ಟೈಪ್ ಮಾಡುವುದಿಲ್ಲ. ಆಧಾರ್‌ನಲ್ಲಿ ಹೇಗಿದೆ, ಪ್ಯಾನ್‌ನಲ್ಲಿ ಹೇಗಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಮೊದಲು ಜಾಲತಾಣ ಸರಿಯಾದದ್ದೇ ಎಂದು ನೋಡಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಕಾಣುವವು ಬಹುಪಾಲು ಏಜೆಂಟರ ಜಾಹೀರಾತುಗಳು. ಹೆಸರು, ಬಣ್ಣ, ಬಾವುಟ ಎಲ್ಲ ಸರ್ಕಾರದ್ದೇ ಅನ್ನಿಸುವಂತಿರುತ್ತವೆ, ಶುಲ್ಕ ಮಾತ್ರ ಎರಡು ಮೂರು ಪಟ್ಟು. ಸರ್ಕಾರಿ ತಾಣದ ವಿಳಾಸ ‘ಡಾಟ್ ಜಿಒವಿ ಡಾಟ್ ವಿಎನ್’ ಎಂದು ಮುಗಿಯುತ್ತದೆ. ಹಾಗೆ ಮುಗಿಯದಿದ್ದರೆ ಅಲ್ಲಿ ಪಾಸ್‌ಪೋರ್ಟ್ ಚಿತ್ರ ಹಾಕಲೇಬೇಡಿ.

ಅಪ್‌ಲೋಡ್ ಮಾಡಬೇಕಾದದ್ದು ಎರಡೇ ಚಿತ್ರ. ಒಂದು ಭಾವಚಿತ್ರ: ತಿಳಿ ಹಿನ್ನೆಲೆ, ನೇರ ನೋಟ, ಕನ್ನಡಕ ಇರಕೂಡದು. ಯಾವಾಗಲೂ ಕನ್ನಡಕ ಹಾಕುವವರೂ ತೆಗೆಯಲೇಬೇಕು. ಇನ್ನೊಂದು ಪಾಸ್‌ಪೋರ್ಟಿನ ಫೋಟೊ ಇರುವ ಪುಟ. ಇದನ್ನು ಮೊಬೈಲಿನಲ್ಲಿ ತೆಗೆಯುವಾಗ ಫ್ಲಾಶ್ ಆರಿಸಿ, ಕಿಟಕಿಯ ಪಕ್ಕದ ಬೆಳಕಿನಲ್ಲಿಟ್ಟು ತೆಗೆಯಿರಿ. ಫ್ಲಾಶ್ ಬೆಳಕು ಪುಟದ ಹೊಳಪಿಗೆ ಬಡಿದು ಅಕ್ಷರದ ಮೇಲೆ ಬಿಳಿ ಮಚ್ಚೆ ಮೂಡುತ್ತದೆ. ನಾಲ್ಕೂ ಮೂಲೆ ಕಾಣಬೇಕು. ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲು ಇವೆಯಲ್ಲ, ತಲಾ 44 ಅಕ್ಷರದ್ದು, ಅವನ್ನು ದೊಡ್ಡದು ಮಾಡಿ ನೋಡಿದಾಗ ಪ್ರತಿ ಅಕ್ಷರವೂ ಓದುವಂತಿರಬೇಕು. ಹೆಬ್ಬೆರಳಿನಲ್ಲಿ ಪುಟ ಒತ್ತಿ ಹಿಡಿಯುವವರು ಆ ಸಾಲಿನ ತುದಿಯನ್ನೇ ಮುಚ್ಚಿರುತ್ತಾರೆ.

ಇನ್ನು ಹೆಸರು. ನಮ್ಮ ಕಡೆಯವರಿಗೆ ಹೆಚ್ಚು ತೊಡಕಾಗುವುದು ಇಲ್ಲೇ. ಮಂಜುನಾಥ ಎಚ್. ಎಂದು ಊರೆಲ್ಲ ಕರೆಯುವವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಹನುಮಂತಪ್ಪ, ಗಿವನ್ ನೇಮ್ ಜಾಗದಲ್ಲಿ ಮಂಜುನಾಥ ಎಂದಿರುತ್ತದೆ. ವಿಮಾನದ ಟಿಕೆಟ್ಟಿನಲ್ಲಿ ಇನಿಷಿಯಲ್ ಮಾತ್ರ. ಅರ್ಜಿಯಲ್ಲಿ ಇನಿಷಿಯಲ್ ಹಾಕಬೇಡಿ, ಪಾಸ್‌ಪೋರ್ಟಿನಲ್ಲಿ ಎಷ್ಟಿದೆಯೋ ಅಷ್ಟನ್ನೂ ಹಾಕಿ. ಟಿಕೆಟ್ ಬುಕ್ ಮಾಡುವಾಗಲೂ ಹಾಗೇ ಮಾಡಿದ್ದರೆ ಚೆಕ್-ಇನ್‌ನಲ್ಲಿ ಮಾತೇ ಬರುವುದಿಲ್ಲ. ಸರ್‌ನೇಮ್ ಖಾಲಿ ಇರುವ ಪಾಸ್‌ಪೋರ್ಟಿನವರು ತಂದೆಯ ಹೆಸರನ್ನೋ ಊರ ಹೆಸರನ್ನೋ ತಾವಾಗಿ ಸೇರಿಸಬಾರದು. ಕೊನೆಗೆ ಬರುವ ವೀಸಾದಲ್ಲಿ ಪೂರ್ತಿ ಹೆಸರು ಪಾಸ್‌ಪೋರ್ಟಿನಂತೆಯೇ ಓದಿಸಿಕೊಳ್ಳಬೇಕು. ಈ ಒಂಟಿ ಹೆಸರಿನ ತೊಡಕನ್ನು ಬೇರೆ ದೇಶಗಳ ವಿಷಯದಲ್ಲೂ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟ್ ಇರುವ ಪ್ರವಾಸಿಗರನ್ನು ಬಿಟ್ಟುಕೊಳ್ಳುವುದಿಲ್ಲ ಎಂದದ್ದು ದಕ್ಷಿಣ ಭಾರತದವರಿಗೇ ಹೆಚ್ಚು ತಟ್ಟಿತು.

ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಸೊನ್ನೆ ಮತ್ತು ‘ಓ’ ಅಕ್ಷರದ ಗೊಂದಲ ಬೇಡ. ನಮ್ಮ ಪಾಸ್‌ಪೋರ್ಟಿನಲ್ಲಿ ಮೊದಲು ಒಂದು ಅಕ್ಷರ, ಆಮೇಲೆ ಏಳು ಅಂಕಿ. ಹಾಗಾಗಿ ಅಕ್ಷರದ ನಂತರ ದುಂಡಗೆ ಕಾಣುವುದೆಲ್ಲ ಸೊನ್ನೆಯೇ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ವೀಸಾ ಆ ಸಂಖ್ಯೆಗೇ ಅಂಟಿಕೊಂಡಿರುತ್ತದೆ, ಆದ್ದರಿಂದ ನವೀಕರಿಸುವುದಿದ್ದರೆ ಅದು ಮೊದಲು, ವೀಸಾ ಆಮೇಲೆ.

ದಿನಾಂಕದ ಲೆಕ್ಕ ಸ್ವಲ್ಪ ಗಮನ ಬೇಡುತ್ತದೆ. ವೀಸಾ ಶುರುವಾಗುವ ದಿನಕ್ಕಿಂತ ಮುಂಚೆ ಅಲ್ಲಿ ಕಾಲಿಡಲು ಬಿಡುವುದಿಲ್ಲ. ವಿಯೆಟ್ನಾಂ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದಿದೆ. ಬೆಂಗಳೂರಿನಿಂದ ರಾತ್ರಿ ಹೊರಟರೆ ಇಳಿಯುವುದು ಮರುದಿನ. ಇಳಿಯುವ ದಿನವನ್ನೇ ಪ್ರವೇಶದ ದಿನವೆಂದು ತೋರಿಸಿ. ಮುಗಿಯುವ ದಿನವನ್ನು ಮಾತ್ರ ಉದಾರವಾಗಿಯೇ ಇಡಿ. ಹತ್ತು ದಿನದ ಪ್ರವಾಸಕ್ಕೂ ತಿಂಗಳ ಅವಧಿ ಕೇಳಬಹುದು, ಶುಲ್ಕ ಅಷ್ಟೇ. ವಿಮಾನ ರದ್ದಾದರೆ, ಯಾರಿಗಾದರೂ ಜ್ವರ ಬಂದರೆ ಆ ಹೆಚ್ಚುವರಿ ದಿನಗಳು ಕೈ ಹಿಡಿಯುತ್ತವೆ. ನಡುವೆ ಕಾಂಬೋಡಿಯಾದ ಅಂಕೋರ್ ವಾಟ್ ನೋಡಿ ಮತ್ತೆ ವಿಯೆಟ್ನಾಂಗೆ ಮರಳುವ ಯೋಜನೆಯಿದ್ದರೆ 50 ಡಾಲರಿನದ್ದೇ ಬೇಕು. ಒಂದು ಸಲದ ವೀಸಾ ಹೊರಗೆ ಕಾಲಿಟ್ಟ ಕ್ಷಣವೇ ಮುಗಿದಂತೆ.

ಉಳಿಯುವ ವಿಳಾಸ ಎಂಬಲ್ಲಿ ಮೊದಲ ಹೋಟೆಲಿನ ವಿಳಾಸ ಸಾಕು. ಆದರೆ ಒಂದು ಮಾತು. 2025ರ ಜುಲೈ 1ರಿಂದ ವಿಯೆಟ್ನಾಂ ತನ್ನ 63 ಪ್ರಾಂತ್ಯ-ನಗರಗಳನ್ನು ವಿಲೀನ ಮಾಡಿ 34ಕ್ಕೆ ಇಳಿಸಿದೆ, ಜಿಲ್ಲೆಗಳನ್ನೂ ತೆಗೆದುಹಾಕಿದೆ. ಹೋಟೆಲಿನವರು ಕಳಿಸಿದ ಹಳೆಯ ವಿಳಾಸದಲ್ಲಿ ಹೋಯಿ ಆನ್ ಊರು ಕ್ವಾಂಗ್ ನಾಮ್ ಪ್ರಾಂತ್ಯದಲ್ಲಿರುತ್ತದೆ, ಈಗ ಅದು ಡ ನಾಂಗ್ ನಗರಕ್ಕೆ ಸೇರಿದೆ. ಪಟ್ಟಿಯಲ್ಲಿ ಹಳೆಯ ಹೆಸರು ಸಿಗದಿದ್ದರೆ ಗಾಬರಿ ಬೇಡ, ಹೊಸದನ್ನು ಆರಿಸಿ.

ಪ್ರವೇಶ ದ್ವಾರದ ಪಟ್ಟಿಯಲ್ಲಿ ವಿಮಾನ ನಿಲ್ದಾಣ, ಬಂದರು, ರಸ್ತೆ ಗಡಿ ಎಲ್ಲವೂ ಇವೆ. ಹನೋಯಿಗೆ ನೋಯಿ ಬಾಯಿ, ಹೋ ಚಿ ಮಿನ್ ಸಿಟಿಗೆ ತಾನ್ ಸನ್ ನ್ಯಾಟ್. ಟಿಕೆಟ್ಟಿನಲ್ಲಿ ಯಾವುದಿದೆಯೋ ಅದನ್ನೇ ಹಾಕಿ. ನೇರ ವಿದೇಶದಿಂದ ಫು ಕ್ವಾಕ್ ದ್ವೀಪಕ್ಕಷ್ಟೇ ಹೋಗಿ ಅಲ್ಲಿಂದಲೇ ಮರಳುವವರಿಗೆ 30 ದಿನದವರೆಗೆ ವೀಸಾವೇ ಬೇಡ.

ಮಕ್ಕಳ ವಿವರ ಕೇಳುವ ಭಾಗವೊಂದಿದೆ. ಅದು ಹೆತ್ತವರ ಪಾಸ್‌ಪೋರ್ಟಿನಲ್ಲೇ ಹೆಸರಿರುವ 14 ವರ್ಷದೊಳಗಿನ ಮಕ್ಕಳಿಗೆ. ನಮ್ಮಲ್ಲಿ ಕೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಇರುವುದರಿಂದ ಆ ಭಾಗ ಖಾಲಿ ಬಿಟ್ಟು, ಪ್ರತಿ ಮಗುವಿಗೂ ಬೇರೆ ಅರ್ಜಿ, ಬೇರೆ ಶುಲ್ಕ.

ಅರ್ಜಿ ತುಂಬಿದ ಮೇಲೆ ಒಂದು ನೋಂದಣಿ ಸಂಖ್ಯೆ ಬರುತ್ತದೆ. ಹಣ ಕಟ್ಟುವ ಮೊದಲೇ ಅದನ್ನು ಬರೆದಿಟ್ಟುಕೊಳ್ಳಿ. ಪಾವತಿ ನಡುವೆ ಕೈಕೊಟ್ಟರೆ ಆ ಸಂಖ್ಯೆ, ಇಮೇಲ್, ಜನ್ಮದಿನಾಂಕ ಹಾಕಿಯೇ ಅರ್ಜಿಯನ್ನು ಮತ್ತೆ ಹುಡುಕಬೇಕು. ಪಾವತಿ ವಿಫಲವಾಗಲು ಹೆಚ್ಚಿನ ಸಲ ಕಾರಣ ನಮ್ಮ ಕಾರ್ಡೇ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮೊದಲಿಗೆ ಬಂದ್ ಆಗಿಯೇ ಬರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ, ಮಿತಿ ಏರಿಸಿ, ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಸಾಮಾನ್ಯವಾಗಿ ಮೂರು ಕೆಲಸದ ದಿನ ಎನ್ನುತ್ತಾರೆ. ಶನಿವಾರ, ಭಾನುವಾರ, ಅಲ್ಲಿನ ರಜೆಗಳು ಇದರಲ್ಲಿ ಸೇರುವುದಿಲ್ಲ. ಅಲ್ಲಿನ ಹೊಸ ವರ್ಷವಾದ ಟೆಟ್ ಹಬ್ಬ, ಏಪ್ರಿಲ್ 30-ಮೇ 1, ಸೆಪ್ಟೆಂಬರ್ 2ರ ಆಸುಪಾಸಿನಲ್ಲಿ ಹೋಗುವವರು ಎರಡು ಮೂರು ವಾರ ಮುಂಚೆಯೇ ಅರ್ಜಿ ಹಾಕಿ. ಸ್ಪ್ಯಾಮ್ ಪೆಟ್ಟಿಗೆ ದಿನಾ ನೋಡಿ. ಫೋಟೊ ಬದಲಿಸಿ ಎಂಬ ಸೂಚನೆ ಅಲ್ಲಿ ಹೋಗಿ ಕೂತಿದ್ದರೆ ಅರ್ಜಿ ಇದ್ದಲ್ಲೇ ಇರುತ್ತದೆ.

ವೀಸಾ ಪಿಡಿಎಫ್ ಬಂದ ಕೂಡಲೇ ಇನ್ನೊಬ್ಬರಿಗೆ ಪಾಸ್‌ಪೋರ್ಟ್ ಕೊಟ್ಟು ಜೋರಾಗಿ ಓದಿಸಿ, ನೀವು ವೀಸಾ ನೋಡುತ್ತಾ ಹೋಗಿ: ಹೆಸರು, ಸಂಖ್ಯೆ, ಜನ್ಮದಿನಾಂಕ, ಲಿಂಗ, ಎರಡೂ ದಿನಾಂಕ, ಪ್ರವೇಶ ಒಂದೋ ಹಲವೋ. ತಪ್ಪು ಕಂಡರೆ ಪೆನ್ನಿನಲ್ಲಿ ತಿದ್ದಲು ಹೋಗಬೇಡಿ, 25 ಡಾಲರ್ ಹೋದರೆ ಹೋಗಲಿ, ಹೊಸ ಅರ್ಜಿ ಹಾಕಿ. ಎಲ್ಲ ಸರಿಯಿದ್ದರೆ ಎರಡು ಪ್ರತಿ ಮುದ್ರಿಸಿ, ಒಂದು ಕೈಚೀಲದಲ್ಲಿ, ಒಂದು ಜೊತೆಯವರ ಹತ್ತಿರ. ಹೊರಡುವಾಗ ಏರ್‌ಲೈನ್ ಕೌಂಟರಿನಲ್ಲೂ, ಅಲ್ಲಿ ಇಳಿದ ಮೇಲೆ ಇಮಿಗ್ರೇಶನ್‌ನಲ್ಲೂ ಅದನ್ನು ತೋರಿಸಬೇಕು. ಪಾಸ್‌ಪೋರ್ಟಿಗೆ ಪ್ರವೇಶದ ಮುದ್ರೆ ಬಿದ್ದಾಗ ಅದರ ದಿನಾಂಕವನ್ನು ಕೌಂಟರ್ ಬಿಡುವ ಮೊದಲೇ ಓದಿಕೊಳ್ಳಿ.