ನಗರಸೇವಕರಿಂದ ಲೆಕ್ಕ ಕೇಳುವುದು ಹೇಗೆ?

ಪುಣೆಯ ನಮ್ಮ ಸೊಸೈಟಿಯ ಗೇಟಿನಿಂದ ಬಸ್ ಸ್ಟಾಪಿಗೆ ಹೋಗುವ ಫುಟ್‌ಪಾತಿನಲ್ಲಿ ಹನ್ನೊಂದು ಚಪ್ಪಡಿ ಇರಲಿಲ್ಲ. ನಾನೇ ಎಣಿಸಿದ್ದೆ. ಕೆಳಗೆ ಮಳೆನೀರಿನ ಗಟಾರ. ಶಾಲೆಗೆ ಹೋಗುವ ಮಕ್ಕಳು ಅಲ್ಲಿಗೆ ಬಂದ ಕೂಡಲೇ ರಸ್ತೆಗೆ ಇಳಿಯುತ್ತಿದ್ದರು. ಬಸ್ಸಿನ ಪಕ್ಕಕ್ಕೇ ಹತ್ತು ಹೆಜ್ಜೆ ನಡೆದು ಮತ್ತೆ ಮೇಲೆ ಹತ್ತುತ್ತಿದ್ದರು. ಎರಡು ವರ್ಷ ನಾವು ಇದರ ಬಗ್ಗೆ ಮಾತಾಡಿದೆವು. ವಾಟ್ಸಾಪ್ ಗ್ರೂಪಿನಲ್ಲಿ ಫೋಟೊ ಹಾಕಿದೆವು. ಅರ್ಜಿ ಮಾತ್ರ ಯಾರೂ ಬರೆದಿರಲಿಲ್ಲ.

ಪಕ್ಕದ ಮನೆಯ ಕಾಕು ಧಾರವಾಡದವರು. ಅರ್ಜಿಗೆ ಸಹಿ ಕೇಳಲು ಹೋದಾಗ ಅವರು ಅಂದದ್ದು ಇನ್ನೂ ಕಿವಿಯಲ್ಲಿದೆ: "ಇದೇನ ನಮ್ಮೂರೇನವಾ? ನಮಗ್ಯಾಕ ಬೇಕ ಈ ಉಸಾಬರಿ?"

ಪುಣೆಯ ಕನ್ನಡಿಗರ ಬಾಯಲ್ಲಿ ಈ ಮಾತು ನಾನು ಬಹಳ ಕೇಳಿದ್ದೇನೆ. ಮೂವತ್ತು ವರ್ಷದಿಂದ ಇಲ್ಲಿರುವವರೂ ಹೀಗೇ ಹೇಳುತ್ತಾರೆ. ಕುಡಿಯುವುದು ಇಲ್ಲಿಯ ಖಡಕ್‌ವಾಸಲಾ ಅಣೆಕಟ್ಟಿನ ನೀರು. ಮನೆ ತೆರಿಗೆ ಕಟ್ಟುವುದು ಇಲ್ಲಿ. ವೋಟರ್ ಲಿಸ್ಟಿನಲ್ಲಿ ಹೆಸರು ಇರುವುದೂ ಇಲ್ಲೇ. ಹಾಗಿದ್ದ ಮೇಲೆ ಲೆಕ್ಕ ಕೇಳುವ ಹಕ್ಕು ಬೇರೆ ಯಾರದು?

ಈಗ ಕೇಳಲು ಇನ್ನೊಂದು ಕಾರಣವೂ ಇದೆ. ಪುಣೆ ಮಹಾನಗರಪಾಲಿಕೆಯ ಹಿಂದಿನ ಸದಸ್ಯರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದಿತ್ತು. ಮುಂದಿನ ಮತದಾನ ನಡೆದದ್ದು 2026ರ ಜನವರಿ 15ರಂದು. ನಡುವೆ ಸುಮಾರು ನಾಲ್ಕು ವರ್ಷ ಆಡಳಿತಾಧಿಕಾರಿಯದೇ ಕಾರುಬಾರು. ನಮ್ಮ ಓಟಿನಿಂದ ಬಂದ ನಗರಸೇವಕರು, ಅಂದರೆ ಕಾರ್ಪೊರೇಟರುಗಳು, ಒಬ್ಬರೂ ಇರಲಿಲ್ಲ. ಈಗ ಇದ್ದಾರೆ. ಹೇಗೆ ಕೇಳಬೇಕು ಅನ್ನುವುದನ್ನು ಒಂದೊಂದೇ ಹೆಜ್ಜೆ ನೋಡೋಣ.

ಹೆಜ್ಜೆ 1: ನಿಮ್ಮ ನಾಲ್ವರು ಯಾರು?

ಪುಣೆಯಲ್ಲಿ 41 ಪ್ರಭಾಗ (ಚುನಾವಣೆಯ ವಾರ್ಡು), 165 ನಗರಸೇವಕರು. ಒಂದು ಪ್ರಭಾಗಕ್ಕೆ ನಾಲ್ವರು, ಒಂದೇ ಒಂದು ಪ್ರಭಾಗಕ್ಕೆ ಐವರು. ಮತದಾನದ ದಿನ ಅ, ಬ, ಕ, ಡ ಅಂತ ನಾಲ್ಕು ಓಟು ಹಾಕಿದ್ದು ನೆನಪಿದೆ ಅಲ್ವಾ? ಆ ನಾಲ್ಕೂ ಸೀಟಿನಲ್ಲಿ ಗೆದ್ದವರ ಹೆಸರು ಬರೆದಿಟ್ಟುಕೊಳ್ಳಿ.

ಇದರಲ್ಲಿ ಒಂದು ತೊಡಕಿದೆ. ನಾಲ್ವರು ಇದ್ದಾರೆ ಅಂದರೆ ಜವಾಬ್ದಾರಿ ಜಾರಿಕೊಳ್ಳುವುದೂ ಸುಲಭ. "ಆ ಕಡೆಯ ಗಲ್ಲಿ ಅವರು ನೋಡುತ್ತಾರೆ" ಅನ್ನುವ ಉತ್ತರ ಬರುತ್ತದೆ. ಅ, ಬ, ಕ, ಡ ಅನ್ನುವುದು ಸೀಟಿನ ಗುರುತು ಅಷ್ಟೆ, ಗಲ್ಲಿಯ ಹಂಚಿಕೆ ಅಲ್ಲ. ನಾಲ್ವರೂ ಇಡೀ ಪ್ರಭಾಗಕ್ಕೆ ಪ್ರತಿನಿಧಿಗಳು. ಆದ್ದರಿಂದ ಏನೇ ಬರೆದರೂ ನಾಲ್ವರ ಹೆಸರನ್ನೂ ಒಂದೇ ಹಾಳೆಯ ಮೇಲೆ ಬರೆಯಿರಿ. ಉಳಿದ ಮೂವರಿಗೂ ಪ್ರತಿ ಹೋಗಿದೆ ಅಂತ ಗೊತ್ತಾದರೆ ಮೊದಲನೆಯವರ ಉತ್ತರದ ಧಾಟಿಯೇ ಬೇರೆ ಆಗುತ್ತದೆ.

ಕೆಲಸ ಯಾರದು ಅನ್ನುವುದನ್ನೂ ನೋಡಿಕೊಳ್ಳಿ. ಫುಟ್‌ಪಾತು, ಗಟಾರ, ಕಸ, ಬೀದಿದೀಪ ಪಾಲಿಕೆಯದು. ಮನೆಯ ಕರೆಂಟು ಮಹಾವಿತರಣದ್ದು, ಮೆಟ್ರೊ ಮಹಾಮೆಟ್ರೊದ್ದು. ತಪ್ಪು ಬಾಗಿಲು ಬಡಿದರೆ ತಿಂಗಳುಗಟ್ಟಲೆ ಸುಮ್ನೆ ಹೋಗುತ್ತದೆ.

ಹೆಜ್ಜೆ 2: ಒಂದೇ ಕೆಲಸ ಹಿಡಿಯಿರಿ

"ನಮ್ಮ ಏರಿಯಾ ಸುಧಾರಿಸಿ" ಅಂತ ಬರೆದರೆ ಯಾರೂ ಏನೂ ಮಾಡಬೇಕಾಗಿಲ್ಲ. "ಇಂಥ ಗೇಟಿನಿಂದ ಇಂಥ ಸ್ಟಾಪಿನವರೆಗೆ ಹನ್ನೊಂದು ಚಪ್ಪಡಿ ಇಲ್ಲ" ಅಂತ ಬರೆದರೆ ಹೌದು ಅಥವಾ ಇಲ್ಲ ಅನ್ನಲೇಬೇಕು. ಟೇಪು ಹಿಡಿದು ಅಳೆಯಿರಿ, ಎಣಿಸಿ, ಫೋಟೊ ತೆಗೆಯಿರಿ. ಪಾಲಿಕೆಯ ಪಿಎಂಸಿ ಕೇರ್ ಆ್ಯಪಿನಲ್ಲಿ ದೂರು ಹಾಕಿ ಟೋಕನ್ ನಂಬರ್ ಬರೆದಿಟ್ಟುಕೊಳ್ಳಿ. ಮುಂದಿನ ಕಾಗದಗಳಲ್ಲಿ ಈ ನಂಬರ್ ಬೇಕಾಗುತ್ತದೆ.

ಹೆಜ್ಜೆ 3: ಅರ್ಜಿ ಮರಾಠಿಯಲ್ಲಿ, ಸೀಲ್ ನಿಮ್ಮ ಪ್ರತಿಯ ಮೇಲೆ

ನಮ್ಮವರು ಹಿಂಜರಿಯುವುದು ಇಲ್ಲೇ. ಮಾತಾಡುವ ಮರಾಠಿ ಬರುತ್ತದೆ, ಬರೆಯುವ ಮರಾಠಿ ಬರುವುದಿಲ್ಲ. ಆದರೆ ಕಚೇರಿಯ ಮರಾಠಿ ನಮಗೆ ಅಷ್ಟು ಪರಕೀಯ ಅಲ್ಲ. ನಮ್ಮ ಅರ್ಜಿ ಅಲ್ಲಿ ಅರ್ಜ್. ಕಚೇರಿ, ವಿಷಯ, ಖಾತೆ ಬಹುತೇಕ ಹಾಗೇ ಇವೆ. ಒಂದು ಕಡೆ ಮಾತ್ರ ಎಚ್ಚರ ಬೇಕು. ನಮಗೆ ತಕರಾರು ಅಂದರೆ ಜಗಳ, ಆಕ್ಷೇಪ. ಅವರಿಗೆ ತಕ್ರಾರ್ ಅಂದರೆ ದೂರು. "ತಕ್ರಾರ್ ಕೊಡಿ" ಅಂತ ಗುಮಾಸ್ತರು ಅಂದರೆ ಬೈದರು ಅಂತ ತಿಳಿಯಬೇಡಿ, ಬರೆದು ಕೊಡಿ ಅಂತಲೇ ಅರ್ಥ. ಆರು ಸಾಲು ಸಾಕು. ಮಕ್ಕಳು ಇಲ್ಲಿಯ ಶಾಲೆಗೆ ಹೋಗುತ್ತಿದ್ದರೆ ಅವರಿಂದ ಬರೆಸಿ. ನಮ್ಮ ಅರ್ಜಿಯನ್ನು ಬರೆದದ್ದು ಒಂಬತ್ತನೇ ಕ್ಲಾಸಿನ ಹುಡುಗಿ.

ಅರ್ಜಿ ಹೋಗಬೇಕಾದದ್ದು ನಿಮ್ಮ ಕ್ಷೇತ್ರೀಯ ಕಾರ್ಯಾಲಯದ ಸಹಾಯಕ ಆಯುಕ್ತರಿಗೆ. ಜನ ಇದನ್ನು ವಾರ್ಡ್ ಆಫೀಸ್ ಅನ್ನುತ್ತಾರೆ. ಎರಡು ಪ್ರತಿ ತೆಗೆದುಕೊಂಡು ಹೋಗಿ. ಆವಕ್-ಜಾವಕ್ ಅನ್ನುವ ಕೌಂಟರಿನಲ್ಲಿ ಒಂದನ್ನು ಇಟ್ಟುಕೊಳ್ಳುತ್ತಾರೆ, ಇನ್ನೊಂದರ ಮೇಲೆ ಸೀಲ್ ಹೊಡೆದು ನಂಬರು, ತಾರೀಕು ಬರೆದು ಕೊಡುತ್ತಾರೆ. ಅದಕ್ಕೆ ಪೋಚ್ ಅನ್ನುತ್ತಾರೆ. "ಇಟ್ಟು ಹೋಗಿ, ನೋಡುತ್ತೇವೆ" ಅಂದರೆ ಏಳಬೇಡಿ. ಪೋಚ್ ಇಲ್ಲದಿದ್ದರೆ ನಿಮ್ಮ ಅರ್ಜಿ ಹುಟ್ಟೇ ಇಲ್ಲ ಅಂತ ಲೆಕ್ಕ.

ಹೆಜ್ಜೆ 4: ನಾಗರಿಕರ ಬಜೆಟ್‌ನಲ್ಲಿ ಹಾಕಿಸಿ

ಪುಣೆಯವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲದ ಸೌಲಭ್ಯ ಇದು. 2006ರಿಂದ ಇಲ್ಲಿಯ ಪಾಲಿಕೆ ಬಜೆಟ್ ತಯಾರಿಸುವ ಮೊದಲು ನಾಗರಿಕರಿಂದ ಸಲಹೆ ಕೇಳುತ್ತದೆ. ದೇಶದಲ್ಲಿ ಇಂಥ ಕೆಲಸಕ್ಕೆ ಮೊದಲು ಕೈಹಾಕಿದ ನಗರಗಳಲ್ಲಿ ಪುಣೆ ಒಂದು. ಸಾಮಾನ್ಯವಾಗಿ ಮಳೆಗಾಲದ ಕೊನೆಗೆ ಫಾರ್ಮ್ ಬರುತ್ತದೆ. ವಾರ್ಡ್ ಆಫೀಸಿನಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ತುಂಬಬಹುದು. ಫುಟ್‌ಪಾತ್ ರಿಪೇರಿ, ಬೀದಿದೀಪ, ಬೆಂಚು, ಬಸ್ ಸ್ಟಾಪಿನ ನೆರಳು ಇಂಥ ಸಣ್ಣ ಕೆಲಸಗಳಿಗೆ ಇದು. ಒಂದೊಂದು ಕೆಲಸಕ್ಕೂ ಖರ್ಚಿನ ಮಿತಿ ಇರುತ್ತದೆ, ಇಡೀ ಪ್ರಭಾಗಕ್ಕೂ ಒಂದು ಮಿತಿ. ಆದ್ದರಿಂದ ಫ್ಲೈಓವರ್ ಕೇಳಬೇಡಿ, ಚಪ್ಪಡಿ ಕೇಳಿ.

ಪಾಲಿಕೆಯ 2025-26ರ ಬಜೆಟ್ 12,600 ಕೋಟಿ ರೂಪಾಯಿಗೂ ಜಾಸ್ತಿ. ಅಷ್ಟು ದೊಡ್ಡ ಮೊತ್ತದ ಮುಂದೆ ನಾಗರಿಕರ ಪಾಲು ಬಹಳ ಸಣ್ಣದು, ನಿಜ. ಅದು ಹೆಚ್ಚಾಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಆದರೂ ನಮ್ಮ ಚಪ್ಪಡಿಗೆ ದಾರಿ ತೆರೆದದ್ದು ಇದೇ ಫಾರ್ಮ್. 2023ರಲ್ಲಿ ತುಂಬಿದೆವು. ಮರು ವರ್ಷದ ಪಟ್ಟಿಯಲ್ಲಿ ನಮ್ಮ ಗಲ್ಲಿಯ ಹೆಸರು ನೋಡಿದಾಗ ಆದ ಸಂತೋಷ ಹೇಳತೀರದು.

ಹೆಜ್ಜೆ 5: ನಗರಸೇವಕರ ಮುಂದೆ ಕೂತಾಗ

ಐದಾರು ಜನ ಹೋಗಿ. ಒಬ್ಬರೇ ಮಾತಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಹಾರ, ಶಾಲು ಬೇಡ. "ಮಾಡಿಕೊಡಿ ಸಾಹೇಬರೇ" ಅನ್ನುವ ಬದಲು ಮೂರು ಪ್ರಶ್ನೆ ಕೇಳಿ. ಈ ಕೆಲಸಕ್ಕೆ ದುಡ್ಡು ಬಜೆಟ್‌ನ ಯಾವ ಹೆಡ್‌ನಿಂದ? ಯಾವ ತಿಂಗಳಲ್ಲಿ ಟೆಂಡರ್? ನೋಡಿಕೊಳ್ಳುವ ಇಂಜಿನಿಯರ್ ಯಾರು?

ಪಾಲಿಕೆಯಲ್ಲಿ 'ಸ' ಯಾದಿ ಅಂತ ಒಂದು ಮಾತಿದೆ. ನಗರಸೇವಕರು ತಮ್ಮ ಪ್ರಭಾಗಕ್ಕೆ ಸೂಚಿಸುವ ಕೆಲಸಗಳ ಪಟ್ಟಿ ಅದು. "ಈ ವರ್ಷ ನಿಮ್ಮ 'ಸ' ಯಾದಿಯಲ್ಲಿ ಏನೇನಿದೆ, ನಮಗೂ ಒಂದು ಪ್ರತಿ ಕೊಡಿ" ಅಂತ ಕೇಳಿ ನೋಡಿ. ಈ ಪದ ನಿಮ್ಮ ಬಾಯಿಂದ ಬಂದ ಕೂಡಲೇ ಎದುರಿನವರು ನೇರ ಕೂರುತ್ತಾರೆ. ಕಮಾನು, ಹೆಸರಿನ ಫಲಕ, ಮತ್ತೆ ಮತ್ತೆ ಬದಲಾಗುವ ಪೇವಿಂಗ್ ಬ್ಲಾಕಿಗೇ ದುಡ್ಡು ಹೋಗುತ್ತಿದೆಯೋ ಅನ್ನುವುದು ಆ ಪಟ್ಟಿಯಲ್ಲೇ ಕಾಣುತ್ತದೆ.

ಮನೆಗೆ ಬಂದ ದಿನವೇ ಒಂದು ಪತ್ರ ಬರೆಯಿರಿ: "ಇಂದು ನಿಮ್ಮನ್ನು ಭೇಟಿಯಾದಾಗ ಇಂಥ ತಿಂಗಳೊಳಗೆ ಈ ಕೆಲಸ ಮಾಡಿಸುವುದಾಗಿ ಹೇಳಿದಿರಿ, ಧನ್ಯವಾದ." ನಾಲ್ವರಿಗೂ ಕಳಿಸಿ. ಬಾಯಿಮಾತು ಹೀಗೆ ಕಾಗದವಾಗುತ್ತದೆ.

ಅವರು ಪಾಲಿಕೆಯ ಮುಖ್ಯ ಸಭೆಯಲ್ಲಿ ಏನು ಮಾತಾಡಿದರು, ಯಾವುದಕ್ಕೆ ಕೈ ಎತ್ತಿದರು ಅನ್ನುವುದನ್ನೂ ಕೇಳಿ. ಇದೇ ಪುಣೆಯ ಮುನ್ಸಿಪಾಲಿಟಿಯಲ್ಲಿ ಮಹಾತ್ಮ ಜ್ಯೋತಿಬಾ ಫುಲೆ 1876ರಿಂದ ಕೆಲವು ವರ್ಷ ಸದಸ್ಯರಾಗಿದ್ದರು. ವೈಸರಾಯ್ ಲಿಟ್ಟನ್ ಬರುತ್ತಾನೆ ಅಂತ ಊರು ಅಲಂಕರಿಸಲು ಜನರ ದುಡ್ಡು ಖರ್ಚು ಮಾಡುವುದನ್ನು ಅವರು ವಿರೋಧಿಸಿದರು, ಆ ಹಣ ಬಡವರ ಶಿಕ್ಷಣಕ್ಕೆ ಹೋಗಲಿ ಅಂದರು. ಇಷ್ಟು ವರ್ಷದ ಮೇಲೂ ನಮಗೆ ಇದು ಗೊತ್ತಿದೆ. ಹೋದ ತಿಂಗಳ ಸಭೆಯಲ್ಲಿ ನಮ್ಮ ನಾಲ್ವರು ಏನಂದರು ಅನ್ನುವುದು ಗೊತ್ತಿಲ್ಲ.

ಹೆಜ್ಜೆ 6: ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು

2005ರ ಮಾಹಿತಿ ಹಕ್ಕು ಕಾಯ್ದೆಗೂ ಮೊದಲೇ, 2002ರಲ್ಲಿ, ಮಹಾರಾಷ್ಟ್ರ ತನ್ನದೇ ಕಾಯ್ದೆ ಮಾಡಿತ್ತು. ಅಣ್ಣಾ ಹಜಾರೆಯವರ ಹೋರಾಟ ಅದರ ಹಿಂದೆ ಇತ್ತು. ಹಾಗಾಗಿ ಇಲ್ಲಿಯ ಕಚೇರಿಗಳಿಗೆ ಇದು ಹೊಸದಲ್ಲ.

ಅರ್ಜಿಗೆ 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿದರೆ ಸಾಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಬೇಡ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಬರೆಯಲು ಆಗದವರು ಬಾಯಲ್ಲಿ ಹೇಳಿದರೆ ಅದನ್ನು ಬರಹಕ್ಕೆ ಇಳಿಸಲು ಮಾಹಿತಿ ಅಧಿಕಾರಿ ನೆರವಾಗಬೇಕು. ಇದು ಕಾಯ್ದೆಯ 6ನೇ ಕಲಮಿನಲ್ಲೇ ಇದೆ. ಮಾಹಿತಿ ಯಾಕೆ ಬೇಕು ಅಂತ ಕಾರಣ ಕೊಡಬೇಕಾಗಿಯೂ ಇಲ್ಲ.

"ಯಾಕೆ ಮಾಡಿಲ್ಲ?" ಅಂತ ಮಾತ್ರ ಕೇಳಬೇಡಿ. ಕಡತದಲ್ಲಿ ಇರುವುದನ್ನು ಕೊಡುವುದಷ್ಟೇ ಅವರ ಕೆಲಸ. ಕಾರಣ ಕೇಳಿದರೆ ಖಾಲಿ ಉತ್ತರ ಬರುತ್ತದೆ. ಕಾಗದ ಕೇಳಿ. ಎಸ್ಟಿಮೇಟ್, ವರ್ಕ್ ಆರ್ಡರ್, ಬಿಲ್ಲು, ಎಂ.ಬಿ. ಈ ಕೊನೆಯದು ಅಳತೆ ಪುಸ್ತಕ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಚಪ್ಪಡಿ ಅಂತ ಇಂಜಿನಿಯರ್ ಅದರಲ್ಲಿ ಬರೆದು ಸಹಿ ಹಾಕಿರುತ್ತಾರೆ. ಕಂತ್ರಾಟುದಾರರಿಗೆ ದುಡ್ಡು ಹೋಗುವುದು ಈ ಪುಟದ ಮೇಲೆ. ಜೊತೆಗೆ ದೋಷ ಹೊಣೆಯ ಅವಧಿ ಎಷ್ಟು ಅಂತ ಕೇಳಿ. ಆ ಅವಧಿಯೊಳಗೆ ಕೆಲಸ ಕೆಟ್ಟರೆ ಕಂತ್ರಾಟುದಾರರೇ ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು.

30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ 20 ರೂಪಾಯಿ ಸ್ಟ್ಯಾಂಪ್ ಹಚ್ಚಿ ಮೊದಲ ಅಪೀಲು. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಬಹುದು. ಅದರ ಒಂದು ಪೀಠ ಪುಣೆಯಲ್ಲೇ ಇದೆ.

ಅರ್ಜಿ ಹಾಕದೆ ಕಡತ ನೋಡುವ ದಾರಿಯನ್ನೂ ಇಲ್ಲಿ ಮಾಡಿದ್ದರು. ಪುಣೆ ಪಾಲಿಕೆಯಲ್ಲಿ ಶುರುವಾದ ಪದ್ಧತಿಯನ್ನು ರಾಜ್ಯ ಸರ್ಕಾರ 2018ರಲ್ಲಿ ಉಳಿದ ಕಡೆಗೂ ವಿಸ್ತರಿಸಿತು. ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ನಾಗರಿಕರು ಕಡತ ನೋಡಬಹುದು ಅಂತ ಆ ಆದೇಶ. ಈಗಲೂ ನಡೆಯುತ್ತಿದೆಯೇ ಅಂತ ಮೊದಲು ವಿಚಾರಿಸಿ. ಪೆನ್ನು, ನೋಟ್‌ಬುಕ್ ತೆಗೆದುಕೊಂಡು ಹೋಗಿ.

ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಚಪ್ಪಡಿಗೆ, ದೀಪಕ್ಕೆ ಒಬ್ಬರೇ ಅರ್ಜಿ ಹಾಕಬಹುದು. ಜಮೀನು, ಕೋಟಿಗಟ್ಟಲೆ ವ್ಯವಹಾರದ ವಿಷಯವಾದರೆ ಒಬ್ಬರೇ ಹೋಗಬೇಡಿ. ಜಮೀನು ಹಗರಣಗಳನ್ನು ಬಯಲಿಗೆ ತಂದ ಮಾಹಿತಿ ಹಕ್ಕು ಕಾರ್ಯಕರ್ತ ಸತೀಶ್ ಶೆಟ್ಟಿಯವರನ್ನು 2010ರ ಜನವರಿಯಲ್ಲಿ ಇಲ್ಲೇ ಹತ್ತಿರದ ತಳೇಗಾಂವ್ ದಾಭಾಡೆಯಲ್ಲಿ ಬೆಳಗಿನ ಹೊತ್ತು ಕೊಂದರು. ಸಂಘ, ಸೊಸೈಟಿಯ ಹಲವರು ಸೇರಿ ಬೇರೆ ಬೇರೆ ಹೆಸರಿನಲ್ಲಿ ಅರ್ಜಿ ಹಾಕುವುದು ಒಳ್ಳೆಯದು.

ಹೆಜ್ಜೆ 7: ಟೇಪು ಮತ್ತೆ ಹೊರಗೆ ತೆಗೆಯಿರಿ

ಕೆಲಸ ಮುಗಿದ ದಿನ ಎಲ್ಲರೂ ಗ್ರೂಪಿನಲ್ಲಿ ಚಪ್ಪಾಳೆ ಹಾಕಿ ಮರೆತುಬಿಡುತ್ತಾರೆ. ಅವತ್ತೇ ನೋಡಬೇಕು. ನಮ್ಮಲ್ಲಿ ಚಪ್ಪಡಿ ಬಿದ್ದದ್ದು ಫಾರ್ಮ್ ತುಂಬಿದ ಹದಿನಾಲ್ಕನೇ ತಿಂಗಳಿಗೆ. ಎಂ.ಬಿ. ಪುಟದ ಜೆರಾಕ್ಸ್ ಹಿಡಿದು ಒಂದು ಭಾನುವಾರ ಬೆಳಿಗ್ಗೆ ಕೆಳಗಿಳಿದೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕಿತ್ತು. ಹಾಲು ತರಲು ಹೊರಟಿದ್ದ ಕಾಕು ಚೀಲ ಕೆಳಗಿಟ್ಟು ಬಗ್ಗಿ ಹಿಡಿದರು.

ಉದ್ದ ಸರಿಯಿತ್ತು, ಎಣಿಕೆಯೂ ಸರಿಯಿತ್ತು. ಏಳನೇ ಚಪ್ಪಡಿಯ ಮೇಲೆ ಕಾಲಿಟ್ಟಾಗ ಟಕ್ ಅಂತ ಅಲ್ಲಾಡಿತು. ಕಾಕು ಎರಡು ಸಲ ಅದರ ಮೇಲೆ ಹತ್ತಿ ಇಳಿದು ನೋಡಿದರು.

"ಇದಕ್ಕ ಇನ್ನೂ ಎಷ್ಟ ದಿನ ಅವರ ಜವಾಬ್ದಾರಿ ಐತಿ?"

"ವರ್ಷದ ಮ್ಯಾಲೇ ಐತಿ ಕಾಕು."

"ಹಂಗಾರ ಕಾಗದ ತಾ. ಪೋಚ್ ತರಾಕ ನಾಳೆ ನಾ ಹೋಗ್ತೀನಿ."